ಬೇಸ್ ಸ್ಕೇಲ್ ಕಲಿಯಲು ಬ್ರೌಸರ್‌ನಲ್ಲೇ ಓಡುವ ಫ್ರೆಟ್‌ಬೋರ್ಡ್: ಲೆಕ್ಕ, ಚಿತ್ರ, ಸದ್ದಿನ ಬಗ್ಗೆ ಸಲಹೆ ಬೇಕು

ನಾಲ್ಕುತಂತಿ

ಎಲ್ಲರಿಗೂ ನಮಸ್ಕಾರ. ಬೇಸ್ ಗಿಟಾರ್ ಕಲಿಯುವವರಿಗಾಗಿ ಒಂದು ಫ್ರೆಟ್‌ಬೋರ್ಡ್ (ಫ್ರೆಟ್ ಎಂಬ ಅಡ್ಡ ಲೋಹದ ಪಟ್ಟಿಗಳಿರುವ, ಬೆರಳೊತ್ತುವ ಹಲಗೆ) ಪುಟ ಕಟ್ಟುವ ಕೆಲಸ ನಡೆದಿದೆ. ಏನನ್ನೂ ಇನ್‌ಸ್ಟಾಲ್ ಮಾಡದೆ ಮೊಬೈಲ್ ಬ್ರೌಸರ್‌ನಲ್ಲೇ ತೆರೆಯಬೇಕು, ಕನ್ನಡದಲ್ಲಿರಬೇಕು, ಮೇಜರ್ ಮೈನರ್ ಜೊತೆಗೆ ನಮ್ಮ ಮೇಳಕರ್ತ ರಾಗಗಳೂ (ಕರ್ನಾಟಕ ಸಂಗೀತದ 72 ಮೂಲ ರಾಗಗಳು) ಸಿಗಬೇಕು. ಇಲ್ಲಿಯವರೆಗೆ ಆಗಿರುವುದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಒಳಗಿನ ಲೆಕ್ಕವೆಲ್ಲ ಮಿಡಿ ಸಂಖ್ಯೆಯಲ್ಲಿದೆ (ಪ್ರತಿ ಸ್ವರಕ್ಕೂ ಒಂದು ಸಂಖ್ಯೆ, ಒಂದು ಅರ್ಧಸ್ವರಕ್ಕೆ ಒಂದು ಹೆಚ್ಚು). ತೆರೆದ ತಂತಿಗಳು ದಪ್ಪದಿಂದ ಸಣ್ಣಕ್ಕೆ ಇ 28, ಎ 33, ಡಿ 38, ಜಿ 43. ಐದು ತಂತಿಯ ಬೇಸ್ ಆದರೆ ಕೆಳಗೆ ಬಿ 23 ಸೇರುತ್ತದೆ, ಆರು ತಂತಿಗೆ ಮೇಲೆ ಸಿ 48.

ಸ್ವರ = ತೆರೆದ ತಂತಿಯ ಸಂಖ್ಯೆ + ಫ್ರೆಟ್
ಕಂಪನಾಂಕ = 440 × 2^((ಸ್ವರ − 69) ÷ 12)

ಇ ತಂತಿಗೆ 41.20 ಹರ್ಟ್ಜ್, ಎ ಗೆ 55.00, ಡಿ ಗೆ 73.42, ಜಿ ಗೆ 98.00 ಸರಿಯಾಗಿಯೇ ಬರುತ್ತಿದೆ. ಸ್ಕೇಲ್‌ಗಳನ್ನು 12 ಬಿಟ್‌ನ ಒಂದೊಂದು ಸಂಖ್ಯೆಯಾಗಿ ಇಟ್ಟಿದೆ. ರೂಟ್‌ನಿಂದ (ಸ್ಕೇಲ್ ಶುರುವಾಗುವ ಸ್ವರ) ಎಷ್ಟನೇ ಅರ್ಧಸ್ವರವೋ ಅಷ್ಟನೇ ಬಿಟ್ ಹೊತ್ತಿರುತ್ತದೆ. ಮೇಜರ್ ಅಂದರೆ 0, 2, 4, 5, 7, 9, 11, ಅಂದರೆ 2741. ನ್ಯಾಚುರಲ್ ಮೈನರ್ 1453. ಹೀಗಿಟ್ಟರೆ ಮೋಡ್‌ಗಳನ್ನು (ಅದೇ ಸ್ಕೇಲನ್ನು ಬೇರೆ ಸ್ವರದಿಂದ ಶುರು ಮಾಡಿದ ರೂಪಗಳನ್ನು) ಬೇರೆಯಾಗಿ ಬರೆಯುವ ಅಗತ್ಯವಿಲ್ಲ. 2741 ಅನ್ನು ಬಲಕ್ಕೆ ಎರಡು ಬಿಟ್ ಸುತ್ತಿಸಿದರೆ 1709, ಅದೇ ಡೋರಿಯನ್.

ಸಿಕ್ಕಿಹಾಕಿಕೊಂಡಿರುವುದು ಬೇರೆ ಕಡೆ. ಎಫ್♯ ಮೇಜರ್ ಆರಿಸಿದರೆ ಒಂದೇ ಸ್ಕೇಲ್‌ನಲ್ಲಿ ಎಫ್ ಕೂಡ, ಎಫ್♯ ಕೂಡ ಕಾಣುತ್ತದೆ. ಎಫ್♯ ಇರುವ ಲಿಂಕನ್ನು ಹಂಚಿಕೊಂಡರೆ ಎಫ್ ಮಾತ್ರ ತೆರೆಯುತ್ತದೆ. 24 ಫ್ರೆಟ್ ಇಟ್ಟರೆ ಮೊಬೈಲ್‌ನಲ್ಲಿ ಬೆರಳಿಗೇ ಸಿಗುವುದಿಲ್ಲ. ಇ ತಂತಿಯ ಸದ್ದು ಮೊಬೈಲ್‌ನಲ್ಲಿ ಕೇಳಿಸುವುದೇ ಇಲ್ಲ. ಚಿತ್ರಕ್ಕೆ ಈಗ ಎಸ್‌ವಿಜಿ (ಪ್ರತಿ ಆಕಾರವೂ ಬೇರೆ ಬೇರೆ ಅಂಶವಾಗಿರುವ ಚಿತ್ರ) ಬಳಸಿದೆ, ಕ್ಯಾನ್ವಾಸ್‌ಗೆ (ಬರೀ ಪಿಕ್ಸೆಲ್ ಬರೆಯುವ ಹಾಳೆ) ಹೋಗಬೇಕೇ?

ಸಾಲುಸಾಲಾಗಿ

ಎಸ್‌ವಿಜಿ ಬಿಡಬೇಡಿ. ನಾಲ್ಕು ತಂತಿ, ಸೊನ್ನೆಯಿಂದ 24 ಫ್ರೆಟ್ ಅಂದರೆ ಒಟ್ಟು 100 ಜಾಗ. ನೂರು ಚುಕ್ಕಿಗೆ ಯಾವ ಬ್ರೌಸರೂ ಏದುಸಿರು ಬಿಡುವುದಿಲ್ಲ. ಕ್ಯಾನ್ವಾಸ್‌ನಲ್ಲಾದರೆ ಕ್ಲಿಕ್ ಎಲ್ಲಿ ಬಿತ್ತೆಂದು ನೀವೇ ಲೆಕ್ಕ ಹಾಕಬೇಕು, ಕನ್ನಡ ಫಾಂಟ್ ಇಳಿಯುವ ಮೊದಲೇ ಚಿತ್ರ ಬರೆದುಬಿಟ್ಟರೆ ತಪ್ಪು ಫಾಂಟಿನಲ್ಲೇ ಉಳಿಯುತ್ತದೆ, ಸ್ಕ್ರೀನ್ ರೀಡರ್‌ಗೆ ಏನೂ ಕಾಣುವುದಿಲ್ಲ. ಎಸ್‌ವಿಜಿಯಲ್ಲಿ ಪ್ರತಿ ಚುಕ್ಕಿಗೂ ಒಂದೊಂದು ಕ್ಲಿಕ್ ಹ್ಯಾಂಡ್ಲರ್ ಕಟ್ಟುವುದೂ ಬೇಡ. ಇಡೀ ಬೋರ್ಡ್‌ಗೆ ಒಂದೇ ಹ್ಯಾಂಡ್ಲರ್ ಸಾಕು. ಚುಕ್ಕಿಯ ಮೇಲೆ ತಂತಿ ಸಂಖ್ಯೆ, ಫ್ರೆಟ್ ಸಂಖ್ಯೆ ಬರೆದಿಟ್ಟು ಅದನ್ನೇ ಓದಿಕೊಳ್ಳಿ.

ಸ್ವರದ ಹೆಸರು ತಪ್ಪುತ್ತಿರುವುದಕ್ಕೆ ಕಾರಣ, 12 ಹೆಸರುಗಳ ಒಂದು ಪಟ್ಟಿಯಿಂದ ನೇರ ಎತ್ತಿಕೊಳ್ಳುತ್ತಿರುವುದು. ಏಳು ಸ್ವರದ ಸ್ಕೇಲ್‌ನಲ್ಲಿ ಒಂದೊಂದು ಅಕ್ಷರವೂ ಒಂದೇ ಸಲ ಬರಬೇಕು. ಹಾಗಾಗಿ ಮೊದಲು ಅಕ್ಷರ ನಿರ್ಧಾರವಾಗಬೇಕು, ಆಮೇಲೆ ಶಾರ್ಪ್ (♯, ಅರ್ಧಸ್ವರ ಮೇಲೆ) ಅಥವಾ ಫ್ಲಾಟ್ (♭, ಅರ್ಧಸ್ವರ ಕೆಳಗೆ). ಸಹಜ ಸ್ವರಗಳ ಬೆಲೆ ಸಿ 0, ಡಿ 2, ಇ 4, ಎಫ್ 5, ಜಿ 7, ಎ 9, ಬಿ 11. ಸ್ಕೇಲ್‌ನ ಏಳನೇ ಮೆಟ್ಟಿಲಾದರೆ ರೂಟ್ ಅಕ್ಷರದಿಂದ ಆರು ಅಕ್ಷರ ಮುಂದೆ ಹೋಗಿ. ಎಫ್‌ನಿಂದ ಆರು ಮುಂದೆ ಇ. ಬೇಕಾದ ಸ್ವರದ ಬೆಲೆ 5, ಇ ಯ ಸಹಜ ಬೆಲೆ 4, ವ್ಯತ್ಯಾಸ +1, ಆದ್ದರಿಂದ ಇ♯. ವ್ಯತ್ಯಾಸವನ್ನು −6ರಿಂದ 5ರೊಳಗೆ ತಂದುಕೊಳ್ಳುವುದನ್ನು ಮರೆಯಬೇಡಿ. ಜಿ♭ ಮೇಜರ್‌ನ ಸಿ♭ಗೆ 11 − 0 = 11 ಬರುತ್ತದೆ. ಅದು −1 ಆಗದಿದ್ದರೆ ಹನ್ನೊಂದು ಶಾರ್ಪ್ ಬರೆದುಬಿಡುತ್ತೀರಿ.

ಇಲ್ಲೇ ಇನ್ನೊಂದು ಬಲೆ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ −1 ಅನ್ನು 12ರಿಂದ ಭಾಗಿಸಿ ಶೇಷ ಕೇಳಿದರೆ −1 ಎಂದೇ ಹೇಳುತ್ತದೆ, 11 ಎನ್ನುವುದಿಲ್ಲ. ಶೇಷಕ್ಕೆ 12 ಕೂಡಿಸಿ ಮತ್ತೊಮ್ಮೆ 12ರ ಶೇಷ ತೆಗೆಯಿರಿ. ಇದನ್ನು ಒಂದು ಪುಟ್ಟ ಫಂಕ್ಷನ್ ಮಾಡಿಟ್ಟು ಎಲ್ಲ ಕಡೆ ಅದನ್ನೇ ಕರೆಯಿರಿ. ಒಂದು ಕಡೆ ಬಿಟ್ಟುಹೋದರೂ ರೂಟ್‌ಗಿಂತ ಕೆಳಗಿನ ಫ್ರೆಟ್‌ಗಳಲ್ಲಿ ಚುಕ್ಕಿ ಮಾಯವಾಗುತ್ತದೆ.

ಪೆಂಟಾಟೋನಿಕ್ (ಐದು ಸ್ವರದ ಸ್ಕೇಲ್), ಬ್ಲೂಸ್‌ಗೆ ಬರೀ ಬಿಟ್ ಸಂಖ್ಯೆ ಸಾಲದು. ಅದು ಯಾವ ಮೆಟ್ಟಿಲು ಎನ್ನುವುದು ಆ ಸಂಖ್ಯೆಯಲ್ಲಿ ಇಲ್ಲ. ಮೈನರ್ ಪೆಂಟಾಟೋನಿಕ್‌ಗೆ 1, ♭3, 4, 5, ♭7 ಎಂದು ಮೆಟ್ಟಿಲನ್ನೂ ಬರೆದಿಡಿ. ಇ ಬ್ಲೂಸ್‌ನಲ್ಲಿ ♭5 ಬಿ♭ ಆಗಬೇಕು, ಪಕ್ಕದಲ್ಲೇ 5 ಬಿ. ಅಲ್ಲಿ ಒಂದೇ ಅಕ್ಷರ ಎರಡು ಸಲ ಬರುವುದು ಸರಿಯೇ.

ರೂಟ್ ಡ್ರಾಪ್‌ಡೌನ್‌ನಲ್ಲಿ ಸಿ♯ ಮೇಜರ್ ಇಟ್ಟರೆ ಏಳು ಶಾರ್ಪ್, ಡಿ♭ ಮೇಜರ್ ಇಟ್ಟರೆ ಐದೇ ಫ್ಲಾಟ್. ಆದರೆ ಮೈನರ್‌ಗೆ ಸಿ♯ ಸರಿ, ಡಿ♭ ತಪ್ಪು. ಆದ್ದರಿಂದ ರೂಟ್ ಹೆಸರನ್ನು ಮೊದಲೇ ಗಟ್ಟಿ ಮಾಡಬೇಡಿ. ಎರಡೂ ರೀತಿ ಬರೆಸಿ, ಗುರುತು ಎಣಿಸಿ, ಕಡಿಮೆ ಇರುವುದನ್ನು ತೋರಿಸಿ. ಎಫ್♯ ಮತ್ತು ಜಿ♭ ಮೇಜರ್‌ಗೆ ಆರಾರು ಬರುತ್ತದೆ, ಅಲ್ಲಿ ಕಲಿಯುವವರೇ ಆರಿಸಿಕೊಳ್ಳಲಿ.

ಲಿಂಕ್ ತೊಂದರೆ ಸರಳ. ವಿಳಾಸದಲ್ಲಿ ಹ್ಯಾಶ್ ಗುರುತು ಬಂದ ಕೂಡಲೇ ಬ್ರೌಸರ್ ಅಲ್ಲಿಂದ ಮುಂದಿನದ್ದನ್ನು ಪುಟದೊಳಗಿನ ಜಾಗ ಎಂದು ತಿಳಿಯುತ್ತದೆ. ಲಿಂಕ್‌ನಲ್ಲಿ ಹೆಸರು ಹಾಕಲೇಬೇಡಿ. ಅಕ್ಷರಕ್ಕೊಂದು ಅಂಕಿ, ಗುರುತಿಗೊಂದು ಅಂಕಿ, ಸ್ಕೇಲ್‌ನ ಸಂಖ್ಯೆ, ಟ್ಯೂನಿಂಗ್ ಹಾಕಿ.

ಧಾರವಾಡಿ

ಫ್ರೆಟ್ ಅಂತರದ ಬಗ್ಗೆ ಯಾರೂ ಮಾತಾಡಲಿಲ್ಲ ನೋಡ್ರಿ. ಎಲ್ಲಾ ಫ್ರೆಟ್ ಒಂದೇ ಅಗಲ ತೋರಿಸಿದ್ರ ಹುಡುಗರು ಕೈಯಾಗ ಬೇಸ್ ಹಿಡಿದಾಗ ಗೊಂದಲ ಆಗತೈತಿ. ನಟ್‌ನಿಂದ ಫ್ರೆಟ್‌ಗೆ ದೂರ ಹಿಂಗ ತಗೀರಿ:

ದೂರ = ಉದ್ದ − ಉದ್ದ ÷ 2^(ಫ್ರೆಟ್ ÷ 12)

ಉದ್ದ ಅಂದ್ರ ನಟ್‌ನಿಂದ (ತಲೆ ಕಡೆ ತಂತಿ ಕೂಡೋ ಪಟ್ಟಿ) ಬ್ರಿಡ್ಜ್‌ತನಕ (ಇನ್ನೊಂದು ತುದಿಯ ಆಸರೆ) ತಂತಿ. ಫೆಂಡರ್‌ನವರು 1951ರಾಗ ಪ್ರಿಸಿಷನ್ ಬೇಸ್ ತಂದಾಗಿನಿಂದ 34 ಇಂಚು ರೂಢಿ, ಅಂದ್ರ 863.6 ಮಿಲಿಮೀಟರ್. ಮೊದಲನೇ ಫ್ರೆಟ್ 48.5 ಮಿಮೀ ಮೇಲೆ, ಐದನೇದು 216.6, ಏಳನೇದು 287.2, ಹನ್ನೆರಡನೇದು ಸರಿಯಾಗಿ ಅರ್ಧಕ್ಕ, 431.8. ಇದು ಬರಲಿಲ್ಲ ಅಂದ್ರ ಲೆಕ್ಕ ತಪ್ಪೈತಿ ಅಂತ ತಿಳೀರಿ. ಹಳೇ ಕಾಲದಾಗ ಉಳಿದ ಉದ್ದದ 18ನೇ ಒಂದು ಪಾಲು ಬಿಟ್ಟು ಫ್ರೆಟ್ ಕೂಡಿಸೋ ಲೆಕ್ಕ ಇತ್ತು. ಅದರಾಗ ಹನ್ನೆರಡನೇ ಫ್ರೆಟ್ 3 ಮಿಮೀ ಹಿಂದ ಬೀಳತೈತಿ. ಸರಿಯಾದ ಭಾಜಕ 17.817. ಎಲ್ಲೋ ಸಿಕ್ಕ ಕೋಡ್‌ನಾಗ 18 ಕಂಡ್ರ ತಗೋಬ್ಯಾಡ್ರಿ.

ಮೊದಲನೇ ಮನಿ (ಎರಡು ಫ್ರೆಟ್ ನಡುವಿನ ಜಾಗ) 48.5 ಮಿಮೀ ಅಗಲ, ಹನ್ನೆರಡನೇದು 25.7, ಇಪ್ಪತ್ತನೇದು 16.2. ಮೊಬೈಲ್‌ನಾಗ ಇದನ್ನ ಹಂಗ ತೋರಿಸಿದ್ರ ಇಪ್ಪತ್ತನೇ ಮನಿ ಮೇಲೆ ಬೆರಳು ಇಡಾಕ ಆಗೂದಿಲ್ಲ, ಅದೂ ಖರೆ. ಅದಕ್ಕ ಇಡೀ ನೆಕ್ (ಬೇಸ್‌ನ ಕುತ್ತಿಗೆ) ತೋರಿಸೋ ನೋಟದಾಗ ನಿಜವಾದ ಅಂತರ, ಒತ್ತಿ ಅಭ್ಯಾಸ ಮಾಡೋ ನೋಟದಾಗ ಐದೇ ಫ್ರೆಟ್ ದೊಡ್ಡದಾಗಿ. 360 ಪಿಕ್ಸೆಲ್ ಅಗಲದ ಪರದೆಗೆ ಮನಿಗೆ 72 ಪಿಕ್ಸೆಲ್ ಸಿಗತೈತಿ. ಹನ್ನೆರಡು ಫ್ರೆಟ್ ತುರುಕಿದ್ರ 30, ಅದು ಸಾಲೂದಿಲ್ಲ.

ಗುರುತಿನ ಚುಕ್ಕಿ 3, 5, 7, 9ಕ್ಕ ಒಂದೊಂದು, 12ಕ್ಕ ಎರಡು, ಆಮೇಲೆ 15, 17, 19, 21, 24ಕ್ಕ ಮತ್ತ ಎರಡು. ಇವು ಮನಿ ನಡುವ ಬರಬೇಕು, ಫ್ರೆಟ್ ತಂತಿ ಮೇಲಲ್ಲ. ಸ್ಕೇಲ್ ಚುಕ್ಕಿ ಮಾತ್ರ ಮನಿ ನಡುವಲ್ಲ, ಫ್ರೆಟ್ ತಂತಿ ಹಿಂದಿಗೇ ಇಡ್ರಿ. ಬೆರಳು ಅಲ್ಲೇ ಒತ್ತಬೇಕು. ನಡುವ ಒತ್ತಿದ್ರ ದಪ್ಪ ತಂತಿ ಜರ್ ಅಂತೈತಿ. ಚಿತ್ರದಾಗ ಚುಕ್ಕಿ ಎಲ್ಲಿರತೈತೋ ಕಲಿಯೋರ ಬೆರಳೂ ಅಲ್ಲಿಗೇ ಹೋಗತೈತಿ.

ಮಂದ್ರಸ್ಥಾಯಿ

ಧಾರವಾಡಿ ಅವರ ಕೊನೆಯ ಮಾತನ್ನು ದಯವಿಟ್ಟು ಅಲಕ್ಷ್ಯ ಮಾಡಬೇಡಿ. ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ.

ಇಂಥ ಪುಟಗಳು ಸಾಮಾನ್ಯವಾಗಿ ಸ್ಕೇಲ್ ಆರಿಸಿದ ಕೂಡಲೇ ಇಡೀ ನೆಕ್ ತುಂಬ ಚುಕ್ಕಿ ಚೆಲ್ಲುತ್ತವೆ. ನೋಡಲು ಚೆಂದ, ಕಲಿಯಲು ಕಷ್ಟ. 24 ಫ್ರೆಟ್‌ನ ನಾಲ್ಕು ತಂತಿಯಲ್ಲಿ 100 ಜಾಗವಿದ್ದರೂ ಬೇರೆ ಬೇರೆ ಸ್ವರ 40 ಮಾತ್ರ. ತೆರೆದ ಜಿ ತಂತಿಯ ಸ್ವರವೇ ಡಿ ತಂತಿಯ 5ರಲ್ಲಿ, ಎ ತಂತಿಯ 10ರಲ್ಲಿ, ಇ ತಂತಿಯ 15ರಲ್ಲಿ ಇದೆ. ಎಲ್ಲವನ್ನೂ ಒಟ್ಟಿಗೆ ತೋರಿಸಿದರೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಕೈಗೆ ತಿಳಿಯುವುದಿಲ್ಲ. ಮೊದಲ ಪರದೆಯಲ್ಲಿ ಒಂದೇ ಪೊಸಿಷನ್ ಇರಲಿ, ನಾಲ್ಕು ಫ್ರೆಟ್, ನಾಲ್ಕು ಬೆರಳು.

ಬೇಸ್‌ನ ದೊಡ್ಡ ಅನುಕೂಲವೆಂದರೆ ಪಕ್ಕಪಕ್ಕದ ತಂತಿಗಳ ನಡುವೆ ಎಲ್ಲ ಕಡೆಯೂ ಐದೇ ಅರ್ಧಸ್ವರ. ಗಿಟಾರ್‌ನಲ್ಲಿ ಜಿ ಮತ್ತು ಬಿ ತಂತಿಯ ನಡುವೆ ನಾಲ್ಕಾಗುವ ತೊಡಕು ಇಲ್ಲಿಲ್ಲ. ಆದ್ದರಿಂದ ಒಂದು ಆಕಾರ ಕಲಿತರೆ ಎಲ್ಲ ಕೀಗೂ ಅದೇ. ಜಿ ಮೇಜರ್ ನೋಡಿ. ಇ ತಂತಿಯಲ್ಲಿ 3, 5. ಎ ತಂತಿಯಲ್ಲಿ 2, 3, 5. ಡಿ ತಂತಿಯಲ್ಲಿ 2, 4, 5. ಬೆರಳು 2 4, 1 2 4, 1 3 4. ಎರಡನೇ ಬೆರಳಿನಿಂದ ಶುರುವಾಗುವುದರಿಂದ 2ರಿಂದ 5ನೇ ಫ್ರೆಟ್‌ನೊಳಗೆ ಎಲ್ಲವೂ ಸಿಗುತ್ತದೆ, ಕೈ ಅಲುಗುವುದೇ ಇಲ್ಲ.

ಎಲ್ಲ ಸ್ಕೇಲ್‌ಗೂ ಹೀಗಾಗುವುದಿಲ್ಲ. ತಂತಿಗಳ ನಡುವೆ ಐದು ಅರ್ಧಸ್ವರ, ಬೆರಳು ನಾಲ್ಕು. ಪ್ರತಿ ತಂತಿಯಲ್ಲೂ ಒಂದು ಸ್ವರ ಕೈಗೆ ಸಿಗದೆ ಉಳಿಯುತ್ತದೆ. ಪೊಸಿಷನ್‌ನ ಮೊದಲ ಫ್ರೆಟ್ 5 ಆದರೆ ಆ ಸ್ವರ ಇರುವುದು 9ರಲ್ಲಿ, ಅಥವಾ ಮುಂದಿನ ತಂತಿಯ 4ರಲ್ಲಿ. ಎ ನ್ಯಾಚುರಲ್ ಮೈನರ್‌ಗೆ ಇ ತಂತಿಯ 5, 7, 8, ಎ ತಂತಿಯ 5, 7, 8, ಡಿ ತಂತಿಯ 5, 7. ಒಂದು ಆಕ್ಟೇವ್ ಸಲೀಸು. ಅದನ್ನೇ ಡೋರಿಯನ್ ಮಾಡಿ, ಎಫ್ ಹೋಗಿ ಎಫ್♯ ಬಂತು. ಅದು ಎ ತಂತಿಯ 9 ಅಥವಾ ಡಿ ತಂತಿಯ 4. ಎರಡೂ ಚೌಕಟ್ಟಿನ ಆಚೆ. ಇಲ್ಲಿ ಕೈ ಒಂದು ಫ್ರೆಟ್ ಹಿಂದೆ ಜಾರಬೇಕು. ಕಲಿಯುವವರು ತಡವರಿಸುವುದು ನಿಖರವಾಗಿ ಈ ಜಾಗದಲ್ಲಿ.

ಪುಟಕ್ಕೆ ಇದನ್ನು ಕಂಡುಹಿಡಿಯುವುದು ಒಂದು ಸಾಲಿನ ಕೆಲಸ. ಪ್ರತಿ ತಂತಿಯಲ್ಲೂ ಮೊದಲ ಫ್ರೆಟ್‌ಗೆ 4 ಕೂಡಿಸಿದ ಜಾಗದ ಸ್ವರ ಸ್ಕೇಲ್‌ನಲ್ಲಿದೆಯೇ ನೋಡಿ. ಇದ್ದರೆ ಅಲ್ಲಿ ಟೊಳ್ಳು ಚುಕ್ಕಿ ಹಾಕಿ "ಇಲ್ಲಿ ಕೈ ಜಾರಿಸಿ" ಎಂದು ತೋರಿಸಿ.

ಬೆರಳಿನ ಸಂಖ್ಯೆಯನ್ನೂ ಒಂದೇ ಪದ್ಧತಿಗೆ ಕಟ್ಟಬೇಡಿ. ಮೇಲಿನ ಸೂತ್ರದಂತೆ 34 ಇಂಚಿನ ಬೇಸ್‌ನಲ್ಲಿ 1ನೇ ಫ್ರೆಟ್‌ನಿಂದ 4ನೇ ಫ್ರೆಟ್‌ಗೆ ಸುಮಾರು 130 ಮಿಮೀ, 5ರಿಂದ 8ಕ್ಕೆ 103. ಚಿಕ್ಕ ಕೈಗೆ 130 ಮಿಮೀ ಚಾಚಿ ಹಿಡಿಯುವುದೆಂದರೆ ಮಣಿಕಟ್ಟಿಗೆ ಪೆಟ್ಟು. ಅದಕ್ಕೇ ಡಬಲ್ ಬೇಸ್‌ನ ಸಿಮಾಂಡ್ಲ್ ಪದ್ಧತಿಯಲ್ಲಿ 1, 2, 4 ಬೆರಳು ಮಾತ್ರ ಬಳಸಿ, ಮೂರನೆಯದು ನಾಲ್ಕನೆಯದಕ್ಕೆ ಆಸರೆಯಾಗಿ ನಿಲ್ಲುತ್ತದೆ. 5ನೇ ಫ್ರೆಟ್‌ಗಿಂತ ಕೆಳಗೆ ಸಿಮಾಂಡ್ಲ್, ಅಲ್ಲಿಂದ ಮೇಲಕ್ಕೆ ಫ್ರೆಟ್‌ಗೊಂದು ಬೆರಳು ಎಂದು ಇಡಿ, ಬದಲಿಸುವ ಆಯ್ಕೆಯೂ ಇರಲಿ. ಸಿಮಾಂಡ್ಲ್ ಆರಿಸಿದಾಗ ಚೌಕಟ್ಟು ಮೂರೇ ಫ್ರೆಟ್‌ನದ್ದು. ಆಗ ಕೈಗೆ ಸಿಗದ ಸ್ವರ ತಂತಿಗೆ ಎರಡಾಗುತ್ತವೆ.

ನಾಲ್ಕುತಂತಿ

ಮಂದ್ರಸ್ಥಾಯಿ ಸರ್, ಚೌಕಟ್ಟಿನ ನಿಯಮ ಹಾಕಿ ನೋಡಿದೆ, ಎ ಡೋರಿಯನ್‌ಗೆ ಸರಿಯಾಗಿ ಎರಡೂ ಕಡೆ ಟೊಳ್ಳು ಚುಕ್ಕಿ ಬಂತು. ಎಡಗೈಯವರಿಗೆ ಇಡೀ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಅಕ್ಷರವೂ ತಿರುಗಿಬಿಡುತ್ತದೆ, ಅದಕ್ಕೇನು ಮಾಡಲಿ? ಜಿ ತಂತಿ ಮೇಲೆ ಬರಬೇಕೋ ಕೆಳಗೋ?

ಸಾಲುಸಾಲಾಗಿ

ತಿರುಗಿಸುವುದನ್ನು ಚಿತ್ರದ ಮೇಲೆ ಮಾಡಬೇಡಿ, ಲೆಕ್ಕದಲ್ಲಿ ಮಾಡಿ. ಅಡ್ಡ ದೂರ ಕೊಡುವ ಫಂಕ್ಷನ್ ಒಂದೇ ಇದ್ದರೆ, ಎಡಗೈ ಆದಾಗ ಒಟ್ಟು ಅಗಲದಿಂದ ಕಳೆದು ಕೊಟ್ಟರೆ ಮುಗಿಯಿತು. ಜಿ ತಂತಿ ಮೇಲೆ ಇರಲಿ, ಟ್ಯಾಬ್ (ತಂತಿ, ಫ್ರೆಟ್ ಸಂಖ್ಯೆಯಲ್ಲಿ ಬರೆದ ಸಂಗೀತ) ಓದುವವರಿಗೆ ಅದೇ ರೂಢಿ. ತಲೆಕೆಳಗು ಬೇಕಾದವರಿಗೆ ಸ್ವಿಚ್ ಕೊಡಿ.

ಬಣ್ಣ ಒಂದನ್ನೇ ನಂಬಬೇಡಿ. ಕೆಂಪು ರೂಟ್, ಹಸಿರು ಉಳಿದದ್ದು ಎಂದರೆ ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. ರೂಟ್ ಚೌಕ, ಮೂರನೇ ಮತ್ತು ಐದನೇ ಮೆಟ್ಟಿಲು ತುಂಬಿದ ವೃತ್ತ, ಉಳಿದವು ತೆಳು ಅಂಚಿನ ವೃತ್ತ. ಬೇಸ್ ನುಡಿಸುವವರಿಗೆ ರೂಟ್, ಮೂರು, ಐದು ಕಣ್ಣಿಗೆ ಮೊದಲು ಬೀಳಬೇಕು.

ಕನ್ನಡ ಅಕ್ಷರವನ್ನು ಚುಕ್ಕಿಯ ನಡುವೆ ಕೂರಿಸುವಾಗ ಬ್ರೌಸರ್‌ನ ಬೇಸ್‌ಲೈನ್ ಆಯ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಥರ ವರ್ತಿಸುತ್ತದೆ. ಅದನ್ನು ಬಿಟ್ಟು ಅಕ್ಷರದ ಅಳತೆಯ 0.35 ಪಾಲು ಕೆಳಗೆ ಸರಿಸಿ. "ಎಫ್♯" ಎನ್ನುವಲ್ಲಿ ಫಕಾರದ ಹಲಂತ ಗುರುತು ಮೇಲೆ ಚಾಚುವುದರಿಂದ ಇಂಗ್ಲಿಷ್ ಅಕ್ಷರಕ್ಕಿಂತ ಚುಕ್ಕಿ ತುಸು ದೊಡ್ಡದು ಬೇಕು.

ಕಂಪನ

ಸದ್ದಿನ ವಿಷಯಕ್ಕೆ ಬರೋಣ.

ಇ ತಂತಿ ಕೇಳದಿರುವುದು ಕೋಡ್‌ನ ತಪ್ಪಲ್ಲ. ಮೊಬೈಲ್ ಸ್ಪೀಕರ್ 41 ಹರ್ಟ್ಜ್ ಅನ್ನು ಹೊರಡಿಸಲಾರದು. ಶುದ್ಧ ಸೈನ್ ಅಲೆ ಕೊಟ್ಟರೆ ಮೌನವೇ. ಆದರೆ 82, 124, 165 ಹೀಗೆ ಮೇಲಿನ ಹಾರ್ಮೋನಿಕ್‌ಗಳು (ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟು) ಸರಿಯಾಗಿ ಬಂದರೆ ಕಿವಿ ಕೆಳಗಿನ 41 ಅನ್ನು ತಾನೇ ಊಹಿಸಿಕೊಳ್ಳುತ್ತದೆ. ಆದ್ದರಿಂದ ಹಾರ್ಮೋನಿಕ್ ತುಂಬಿದ ಸದ್ದು ಬೇಕು, 250ರಿಂದ 800 ಹರ್ಟ್ಜ್ ಭಾಗವನ್ನು ಸ್ವಲ್ಪ ಎತ್ತಿಕೊಡಿ.

ಸ್ಯಾಂಪಲ್ (ರೆಕಾರ್ಡ್ ಮಾಡಿದ ಸ್ವರ) ಇಳಿಸುವ ಭಾರ ಬೇಡವೆಂದರೆ ಕಾರ್ಪ್ಲಸ್–ಸ್ಟ್ರಾಂಗ್ ಸಾಕು. 1983ರಲ್ಲಿ ಪ್ರಕಟವಾದ ವಿಧಾನ, ಇವತ್ತಿಗೂ ತಂತಿವಾದ್ಯಕ್ಕೆ ಒಪ್ಪುತ್ತದೆ. ಒಂದು ಸುತ್ತಿನ ಉದ್ದದ ಬಫರ್‌ಗೆ ಗದ್ದಲ ತುಂಬಿ, ಅಕ್ಕಪಕ್ಕದ ಎರಡರ ಸರಾಸರಿಯನ್ನು ಮತ್ತೆ ಮತ್ತೆ ಸುತ್ತಿಸುವುದು. ಸೆಕೆಂಡಿಗೆ 44,100 ಸ್ಯಾಂಪಲ್‌ನ (ಇಲ್ಲಿ ಅಲೆಯ ಒಂದೊಂದು ಅಳತೆ) ದರದಲ್ಲಿ ಇ ತಂತಿಗೆ 44100 ÷ 41.203 = 1070.3. ಸರಾಸರಿ ತೆಗೆಯುವುದೇ ಅರ್ಧ ಸ್ಯಾಂಪಲ್ ತಡ ಮಾಡುವುದರಿಂದ ಅದನ್ನು ಕಳೆದು 1069.8.

ಇಲ್ಲಿ ಮೂರು ಕಡೆ ಎಡವುತ್ತಾರೆ.

ಒಂದು, ವೆಬ್ ಆಡಿಯೊದ ಡಿಲೇ ನೋಡ್ ಅನ್ನು ಸುತ್ತಿಗೆ ಹಾಕಿ ಇದನ್ನು ಕಟ್ಟಲು ಹೋಗುವುದು. ಸುತ್ತಿನೊಳಗಿನ ಡಿಲೇ 128 ಸ್ಯಾಂಪಲ್‌ಗಿಂತ ಕಡಿಮೆಯಾಗದು. ಅಂದರೆ 344 ಹರ್ಟ್ಜ್‌ಗಿಂತ ಮೇಲೆ ಹೋಗಲಾರಿರಿ. ಜಿ ತಂತಿಯ 21ನೇ ಫ್ರೆಟ್ 329.6, ಸರಿ. 22ನೆಯದು 349.2, ಅಲ್ಲಿಂದ ಶ್ರುತಿ ಕೆಡುತ್ತದೆ. ಇಪ್ಪತ್ತು ಫ್ರೆಟ್‌ನಲ್ಲಿ ಪರೀಕ್ಷಿಸಿದವರಿಗೆ ಈ ದೋಷ ಗೊತ್ತೇ ಆಗುವುದಿಲ್ಲ. ಸ್ವರವನ್ನು ಮೊದಲೇ ಲೆಕ್ಕ ಹಾಕಿ ಆಡಿಯೊ ಬಫರ್‌ನಲ್ಲಿ ತುಂಬಿಟ್ಟುಕೊಳ್ಳಿ.

ಎರಡು, ಇಳಿಯುವಿಕೆ. ಎಲ್ಲೆಡೆ 0.996 ಎಂದು ಬರೆದಿರುತ್ತಾರೆ. ಕೆಳಗಿನ ಸ್ವರಕ್ಕೆ ಸೆಕೆಂಡಿಗೆ ಸುತ್ತು ಕಡಿಮೆ, ಹಾಗಾಗಿ ಇ ತಂತಿ 40 ಸೆಕೆಂಡ್‌ವರೆಗೂ ಗುಂಯ್‌ಗುಡುತ್ತಲೇ ಇರುತ್ತದೆ. ಬೇಕಾದ ಕಾಲದಿಂದ ಲೆಕ್ಕ ಹಾಕಿ:

ಇಳಿಕೆ = 0.001^(1 ÷ (ಕಂಪನಾಂಕ × ಸೆಕೆಂಡ್))

4 ಸೆಕೆಂಡ್ ಬೇಕೆಂದರೆ ಇ ಗೆ 0.959, ಜಿ ಗೆ 0.983.

ಮೂರು, ಬಫರ್ ಉದ್ದ ಪೂರ್ಣಾಂಕವೇ ಆಗಬೇಕು. ಕೆಳಗೆ ಪರವಾಗಿಲ್ಲ, ಮೇಲೆ ಹೋದಂತೆ ಶ್ರುತಿ ತಪ್ಪುತ್ತದೆ. ಜಿ ತಂತಿಯ 23ನೇ ಫ್ರೆಟ್‌ಗೆ 118.7 ಬೇಕು, 119 ಕೊಟ್ಟರೆ 4 ಸೆಂಟ್‌ಗೂ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಹೆಚ್ಚು ಇಳಿಯುತ್ತದೆ. ಬೇಕಾದ ಕಂಪನಾಂಕವನ್ನು ಬಂದ ಕಂಪನಾಂಕದಿಂದ ಭಾಗಿಸಿ ಪ್ಲೇಬ್ಯಾಕ್ ದರಕ್ಕೆ ಕೊಟ್ಟರೆ ಸರಿಹೋಗುತ್ತದೆ.

ನಿಜವಾದ ಬೇಸ್‌ನ ಸದ್ದೇ ಬೇಕೆನ್ನುವವರಿಗೆ 8 ಸ್ಯಾಂಪಲ್ ಸಾಕು. ಒಂದೊಂದನ್ನು ಎರಡು ಅರ್ಧಸ್ವರ ಮೇಲೆ, ಎರಡು ಕೆಳಗೆ ಎಳೆದರೆ ಐದು ಸ್ವರ, 8 × 5 = 40. ಮೂರು ಸೆಕೆಂಡ್‌ನ ಮೋನೊ ರೆಕಾರ್ಡಿಂಗ್ 16 ಬಿಟ್‌ನಲ್ಲಿ ಒಂದಕ್ಕೆ 265 ಕೆಬಿ, ಎಂಟಕ್ಕೆ 2.1 ಎಂಬಿ. ಎಂಪಿ3 ಮಾಡಿದರೆ ಹಗುರ, ಆದರೆ ಶುರುವಿನಲ್ಲಿ ಎನ್‌ಕೋಡರ್ ಸೇರಿಸುವ ಮೌನವನ್ನು ಕತ್ತರಿಸಿ. ಇಲ್ಲದಿದ್ದರೆ ಒತ್ತಿದ ಮೇಲೆ ತಡವಾಗಿ ಸದ್ದು ಬರುತ್ತದೆ.

ಪುಟ ತೆರೆದ ಕೂಡಲೇ ಆಡಿಯೊ ಕಾಂಟೆಕ್ಸ್ಟ್ ನಿದ್ದೆಯಲ್ಲಿರುತ್ತದೆ. ಬಳಕೆದಾರರ ಮೊದಲ ಸ್ಪರ್ಶದೊಳಗೇ ಅದನ್ನು ಎಬ್ಬಿಸಬೇಕು. ಸ್ವರ ನಿಲ್ಲಿಸುವಾಗ ಗೇನ್ ಅನ್ನು ಥಟ್ಟನೆ ಸೊನ್ನೆ ಮಾಡಿದರೆ ಟಿಕ್ ಎನ್ನುತ್ತದೆ. ಎಕ್ಸ್‌ಪೊನೆನ್ಷಿಯಲ್ ಇಳಿಜಾರಿಗೆ ಗುರಿ ಸೊನ್ನೆ ಕೊಡುವಂತಿಲ್ಲ, 0.001 ಕೊಟ್ಟು ಆಮೇಲೆ ನಿಲ್ಲಿಸಿ.

ಗಮಕಪ್ರಿಯ

ರಾಗಗಳ ಬಗ್ಗೆ. 72 ಮೇಳವನ್ನು ಕೈಯಿಂದ ಟೈಪ್ ಮಾಡಬೇಡಿ, ಖಂಡಿತ ತಪ್ಪಾಗುತ್ತದೆ. ಮೇಳದ ಸಂಖ್ಯೆಯಲ್ಲೇ ಎಲ್ಲ ಸ್ವರ ಅಡಗಿದೆ. ಸಂಖ್ಯೆಯಿಂದ 1 ಕಳೆಯಿರಿ. 36ಕ್ಕಿಂತ ಕಡಿಮೆಯಾದರೆ ಮ1, ಇಲ್ಲವಾದರೆ ಮ2, ಮತ್ತು 36 ಕಳೆಯಿರಿ. ಉಳಿದದ್ದನ್ನು 6ರಿಂದ ಭಾಗಿಸಿ. ಭಾಗಲಬ್ಧ ರಿ ಮತ್ತು ಗ ಜೋಡಿ ಹೇಳುತ್ತದೆ, ಶೇಷ ದ ಮತ್ತು ನಿ ಜೋಡಿ. ಜೋಡಿಗಳ ಕ್ರಮ ರಿ1 ಗ1, ರಿ1 ಗ2, ರಿ1 ಗ3, ರಿ2 ಗ2, ರಿ2 ಗ3, ರಿ3 ಗ3. ದ, ನಿಗೂ ಹೀಗೆಯೇ. 29ನೇ ಧೀರಶಂಕರಾಭರಣ ನೋಡಿ. 28ನ್ನು 6ರಿಂದ ಭಾಗಿಸಿದರೆ 4, ಶೇಷ 4. ಸೊನ್ನೆಯಿಂದ ಎಣಿಸಿ, ರಿ2 ಗ3, ದ2 ನಿ3. ನಿಮ್ಮ 2741 ಅದೇ. 22ನೇ ಖರಹರಪ್ರಿಯ ಡೋರಿಯನ್, 28ನೇ ಹರಿಕಾಂಭೋಜಿ ಮಿಕ್ಸೊಲಿಡಿಯನ್, 20ನೇ ನಠಭೈರವಿ ನ್ಯಾಚುರಲ್ ಮೈನರ್, 65ನೇ ಮೇಚಕಲ್ಯಾಣಿ ಲಿಡಿಯನ್. ಪರೀಕ್ಷೆಗೆ ಇವೇ ಸಾಕು.

ಸಾಲುಸಾಲಾಗಿ ಅವರು ಹೇಳಿದ ಹೆಸರಿನ ತೊಡಕು ನಮ್ಮಲ್ಲೂ ಇದೆ. ಸ್ವರಸ್ಥಾನ 12, ಹೆಸರು 16. ರಿ2, ಗ1 ಒಂದೇ ಮನೆ. ರಿ3, ಗ2 ಒಂದೇ. ದ2, ನಿ1 ಒಂದೇ. ದ3, ನಿ2 ಒಂದೇ. ಆದ್ದರಿಂದ ಹೆಸರು ಮೇಳದಿಂದ ಬರಬೇಕು, ಫ್ರೆಟ್‌ನಿಂದಲ್ಲ.

ಜನ್ಯರಾಗಕ್ಕೆ (ಮೇಳದಿಂದ ಹುಟ್ಟಿದ ರಾಗ) ಒಂದು ಸಂಖ್ಯೆ ಸಾಲದು, ಆರೋಹಣ ಅವರೋಹಣ ಎರಡು ಪಟ್ಟಿ ಬೇಕು. ಬಿಲಹರಿ ಏರುವಾಗ ಸ ರಿ2 ಗ3 ಪ ದ2 ಸ, ಇಳಿಯುವಾಗ ಸ ನಿ3 ದ2 ಪ ಮ1 ಗ3 ರಿ2 ಸ. ಕೈಶಿಕಿ ನಿಷಾದ ಅನ್ಯಸ್ವರವಾಗಿ ಬರುವುದು ಬೇರೆ ಮಾತು. ಎರಡನ್ನೂ ಒಟ್ಟುಗೂಡಿಸಿ ಚುಕ್ಕಿ ಹಾಕಿದರೆ ಅದು ಶಂಕರಾಭರಣವಾಗಿ ಕಾಣುತ್ತದೆ, ಬಿಲಹರಿ ಅಲ್ಲಿ ಇರುವುದೇ ಇಲ್ಲ. ಏರುವ ಬಾಣ, ಇಳಿಯುವ ಬಾಣದ ಗುಂಡಿ ಬೇರೆ ಇಡಿ.

ಶ್ರುತಿಯನ್ನು ಮನೆಯ (ಹಾರ್ಮೋನಿಯಂ ಕೀಲಿಯ) ಲೆಕ್ಕದಲ್ಲಿ ಆರಿಸಲು ಕೊಡಿ. 1 ಅಂದರೆ ಸಿ, 1.5 ಸಿ♯, 2 ಡಿ, 3 ಇ, 4 ಎಫ್, 5 ಜಿ. ಅರ್ಧ ಅರ್ಧ ಕೂಡಿಸುತ್ತಾ ಲೂಪ್ ಬರೆದರೆ 3.5 ಎಂಬ ಇಲ್ಲದ ಶ್ರುತಿ ಹುಟ್ಟಿಕೊಳ್ಳುತ್ತದೆ. 3 ಮತ್ತು 4ರ ನಡುವೆ ಕಪ್ಪು ಮನೆ ಇಲ್ಲ.

ಪಾಠ ಶುರುವಾಗುವ ಮಾಯಾಮಾಳವಗೌಳವನ್ನೇ ಮೊದಲ ಉದಾಹರಣೆ ಮಾಡಿದರೆ ಸಂತೋಷ. 1 ಮನೆ ಶ್ರುತಿಗೆ ಎ ತಂತಿಯ 3, 4, ಡಿ ತಂತಿಯ 2, 3, 5, ಜಿ ತಂತಿಯ 4, 5. ದ1 ಮಾತ್ರ ಡಿ ತಂತಿಯ 6 ಅಥವಾ ಜಿ ತಂತಿಯ 1, ಮಂದ್ರಸ್ಥಾಯಿ ಅವರು ಹೇಳಿದ ಅದೇ ಕೈಗೆ ಸಿಗದ ಜಾಗ. ಮತ್ತೆ, ಚುಕ್ಕಿ ತೋರಿಸುವುದು ಸ್ವರಸ್ಥಾನವನ್ನು ಮಾತ್ರ, ಗಮಕವನ್ನಲ್ಲ (ಸ್ವರದ ತೂಗಾಟವನ್ನಲ್ಲ) ಎಂದು ಪುಟದಲ್ಲೇ ಬರೆಯಿರಿ. ತೋಡಿಯ ಗಾಂಧಾರವನ್ನು ಫ್ರೆಟ್ ಒತ್ತಿ ನೇರ ಹಿಡಿದರೆ ತೋಡಿ ಆಗುವುದಿಲ್ಲ.

ನಾಲ್ಕುತಂತಿ

ಬಿಲಹರಿ ಉದಾಹರಣೆಗೆ ತುಂಬಾ ಧನ್ಯವಾದ, ಡೇಟಾ ರಚನೆಯನ್ನೇ ಬದಲಿಸುತ್ತೇನೆ. ಇನ್ನೊಂದು ಯೋಚನೆ. ಮೈಕ್‌ನಿಂದ ಕೇಳಿಸಿಕೊಂಡು, ನುಡಿಸಿದ ಸ್ವರ ಸರಿಯೋ ತಪ್ಪೋ ಹೇಳಿಸಬಹುದೇ?

ಕಂಪನ

ಆಗುತ್ತದೆ, ಆದರೆ ಬೇಸ್‌ಗೆ ಗಿಟಾರ್ ಟ್ಯೂನರ್‌ನ ಕೋಡ್ ನಡೆಯುವುದಿಲ್ಲ. 4096 ಸ್ಯಾಂಪಲ್‌ನ ಎಫ್‌ಎಫ್‌ಟಿಯಲ್ಲಿ (ಸದ್ದನ್ನು ಕಂಪನಾಂಕಗಳ ಖಾನೆಗಳಾಗಿ ಬಿಡಿಸುವ ಲೆಕ್ಕ) ಒಂದೊಂದು ಖಾನೆ 10.8 ಹರ್ಟ್ಜ್ ಅಗಲ. ಇ ಮತ್ತು ಅದರ ಪಕ್ಕದ ಎಫ್ ನಡುವೆ ಇರುವುದು ಎರಡೂವರೆ ಹರ್ಟ್ಜ್. ಎರಡೂ ಒಂದೇ ಖಾನೆಗೆ ಬೀಳುತ್ತವೆ. ಅಲೆ ತನ್ನನ್ನೇ ಹೋಲುವ ದೂರ ಹುಡುಕುವ ಆಟೊಕೊರಿಲೇಶನ್, ಅಥವಾ ಅದನ್ನು ತಿದ್ದಿದ 2002ರ ಯಿನ್ ವಿಧಾನ ಬಳಸಿ. ಕನಿಷ್ಠ ಎರಡು ಸುತ್ತು ಬೇಕು. ಇ ಗೆ 48.5 ಮಿಲಿಸೆಕೆಂಡ್, ಆದರೆ 2048 ಸ್ಯಾಂಪಲ್ ಅಂದರೆ 46.4 ಮಾತ್ರ. ಸ್ವಲ್ಪದರಲ್ಲಿ ತಪ್ಪುವುದರಿಂದ ಎ, ಡಿ, ಜಿ ಎಲ್ಲ ಸರಿ ಬಂದು ಇ ತಂತಿ ಮಾತ್ರ ಒಂದು ಆಕ್ಟೇವ್ ಮೇಲೆ ತೋರಿಸುತ್ತಿರುತ್ತದೆ. 4096 ತೆಗೆದುಕೊಳ್ಳಿ, ಐದನೇ ತಂತಿ ಬಿ ಗೂ ಸಾಕು.

ಮೈಕ್ ಕೇಳುವಾಗ ಎಕೋ ಕ್ಯಾನ್ಸಲೇಶನ್, ನಾಯ್ಸ್ ಸಪ್ರೆಶನ್, ಆಟೊ ಗೇನ್ ಮೂರನ್ನೂ ಬೇಡವೆಂದು ಸ್ಪಷ್ಟವಾಗಿ ಹೇಳಿ. ಇವು ಮಾತಿಗಾಗಿ ಮಾಡಿದವು, ಬೇಸ್‌ನ ಉದ್ದನೆಯ ಸ್ವರವನ್ನು ಗದ್ದಲವೆಂದು ತಿಳಿದು ಅಳಿಸುತ್ತವೆ. ಪುಟ ಎಚ್‌ಟಿಟಿಪಿಎಸ್‌ನಲ್ಲಿ ಇಲ್ಲದಿದ್ದರೆ ಮೈಕ್ ಸಿಗುವುದೇ ಇಲ್ಲ. ಅಭ್ಯಾಸದ ಮೆಟ್ರೊನೋಮ್ ಅನ್ನು ಸೆಟ್ ಟೈಮ್‌ಔಟ್ ಮೇಲೆ ನಿಲ್ಲಿಸಬೇಡಿ, ಲಯ ಅಲುಗುತ್ತದೆ. ಟೈಮರ್ 25 ಮಿಲಿಸೆಕೆಂಡಿಗೊಮ್ಮೆ ಎದ್ದು, ಮುಂದಿನ 100 ಮಿಲಿಸೆಕೆಂಡಿನ ಪೆಟ್ಟುಗಳನ್ನು ಆಡಿಯೊ ಗಡಿಯಾರದ ಸಮಯ ಹಾಕಿ ಮೊದಲೇ ಕೊಟ್ಟಿರಲಿ.

ಮಂದ್ರಸ್ಥಾಯಿ

ಮೈಕ್ ಸ್ವರ ಹೇಳುತ್ತದೆ, ಜಾಗ ಹೇಳುವುದಿಲ್ಲ. ಡಿ ತಂತಿಯ 5 ನುಡಿಸಿದರೂ ತೆರೆದ ಜಿ ನುಡಿಸಿದರೂ ಅದಕ್ಕೆ ಒಂದೇ. ಹಾಗಾಗಿ ಪ್ರಶ್ನೋತ್ತರ ಎರಡು ಬಗೆ ಇರಲಿ. "ಎ ತಂತಿಯಲ್ಲಿ ಇ ತೋರಿಸಿ" ಎನ್ನುವುದು ಪರದೆ ಮುಟ್ಟುವುದಕ್ಕೆ, "ಡಿ ಮೈನರ್ ಪೆಂಟಾಟೋನಿಕ್ ನುಡಿಸಿ" ಎನ್ನುವುದು ಮೈಕ್‌ಗೆ.

ಅಭ್ಯಾಸದಲ್ಲಿ ಚುಕ್ಕಿಗಳು ಮೆಲ್ಲಗೆ ಕಡಿಮೆಯಾಗಬೇಕು. ಮೊದಲ ಸುತ್ತಿನಲ್ಲಿ ಎಲ್ಲ ಚುಕ್ಕಿ, ಎರಡನೆಯದರಲ್ಲಿ ರೂಟ್, ಮೂರು, ಐದು, ಮೂರನೆಯದರಲ್ಲಿ ರೂಟ್ ಒಂದೇ, ನಾಲ್ಕನೆಯದರಲ್ಲಿ ಖಾಲಿ ನೆಕ್. ತಪ್ಪಿದ ಜಾಗದಲ್ಲಿ ಮಾತ್ರ ಚುಕ್ಕಿ ಮರಳಿ ಬರಲಿ, ಮುಂದಿನ ಸಲ ಅದೇ ಜಾಗವನ್ನು ಹೆಚ್ಚು ಕೇಳಲಿ. ಈ ಒಂದು ಗುಣವಿದ್ದರೆ ಉಳಿದ ಅಲಂಕಾರವೆಲ್ಲ ತಡವಾಗಿ ಬಂದರೂ ನಡೆಯುತ್ತದೆ.

ಧಾರವಾಡಿ

ಒಂದು ತಿದ್ದುಪಡಿ ರೀ. ಚೌಕಟ್ಟಿನ ನಿಯಮದಾಗ "ಮೊದಲ ಫ್ರೆಟ್‌ಗೆ 4 ಕೂಡಿಸಿ" ಅಂತ ಅಂಕಿ ಹಾಕಿಬಿಟ್ರ ಡ್ರಾಪ್ ಡಿ ಟ್ಯೂನಿಂಗ್‌ನಾಗ ಕೆಡತೈತಿ. ಇ ತಂತಿ ಎರಡು ಅರ್ಧಸ್ವರ ಇಳಿದು 26 ಆಗತೈತಿ, 36.71 ಹರ್ಟ್ಜ್. ಆವಾಗ ಅದಕ್ಕೂ ಎ ತಂತಿಗೂ ನಡುವ 5 ಅಲ್ಲ, 7. ಕೈಗೆ ಸಿಗದ ಸ್ವರ ಒಂದಲ್ಲ, ಮೂರು, ಮೊದಲ ಫ್ರೆಟ್‌ಗೆ 4, 5, 6 ಕೂಡಿಸಿದ ಜಾಗ. ಅದಕ್ಕ ಮುಂದಿನ ತಂತಿ ಸಂಖ್ಯೆಯಿಂದ ಈ ತಂತಿ ಸಂಖ್ಯೆ ಕಳೀರಿ, ಬಂದದ್ದರಾಗ ಚೌಕಟ್ಟಿನ ಅಗಲ ಕಳೀರಿ. ಉಳಿದಷ್ಟು ಜಾಗ ನೋಡಾಕ ಹೇಳ್ರಿ. ಮೇಲಿನ ಜಿ ತಂತಿಗೆ ಮುಂದಿನ ತಂತಿನ ಇಲ್ಲ, ಅಲ್ಲಿ ಲೂಪ್ ಒಂದು ತಂತಿ ಮೊದಲೇ ನಿಲ್ಲಬೇಕು.

ನಾಲ್ಕುತಂತಿ

ಸರಿ ರೀ, ಅದು ಗಮನಕ್ಕೆ ಬಂದಿರಲಿಲ್ಲ. ಸಿಮಾಂಡ್ಲ್‌ನ ಮೂರು ಫ್ರೆಟ್ ಚೌಕಟ್ಟಿಗೂ ಇದೇ ಸೂತ್ರ ಹೊಂದುತ್ತದೆ: 5 − 3 = 2. ಅಗಲವನ್ನೂ ಅಂತರವನ್ನೂ ಟ್ಯೂನಿಂಗ್‌ನಿಂದಲೇ ಓದಿಸುತ್ತೇನೆ. ಜಿ ಮೇಜರ್, ಎ ಡೋರಿಯನ್, 1 ಮನೆಯ ಮಾಯಾಮಾಳವಗೌಳ, ಡ್ರಾಪ್ ಡಿಯಲ್ಲಿ ಡಿ ಮೈನರ್, ಈ ನಾಲ್ಕನ್ನು ಪರೀಕ್ಷೆಯಾಗಿ ಬರೆದಿಟ್ಟು ಪ್ರತಿ ಬದಲಾವಣೆಯ ನಂತರ ಓಡಿಸುವುದು.